ಜಪಾನಿನ ಬೇಸ್‌ಬಾಲ್ ಋತು: ಒಂದು ತಂಡ, ಒಂದು ಪ್ರಾಂತ್ಯ ಹಿಡಿದು ವರ್ಷವಿಡೀ ನೋಡುವ ವಿಧಾನ

ಜಪಾನಿನ ಬೇಸ್‌ಬಾಲ್ ನೋಡಲು ಹೊರಟವರು ಸಾಮಾನ್ಯವಾಗಿ ಎಡವುವುದು ಎಲ್ಲವನ್ನೂ ನೋಡುವ ಆಸೆಯಲ್ಲಿ. ವೃತ್ತಿಪರ ಲೀಗುಗಳಲ್ಲಿ 12 ತಂಡಗಳಿವೆ, ಒಂದೊಂದಕ್ಕೂ 143 ಪಂದ್ಯ. ಅಲ್ಲಿಗೆ ಲೀಗ್ ಹಂತದಲ್ಲೇ 858 ಪಂದ್ಯಗಳಾದವು. ಬೇಸಿಗೆಯ ಹೈಸ್ಕೂಲ್ ಟೂರ್ನಿಯ ಅರ್ಹತಾ ಸುತ್ತಿಗೆ ಇಳಿಯುವ ತಂಡಗಳೇ ಸುಮಾರು 3,400. ಇದರ ಮೇಲೆ ವಿಶ್ವವಿದ್ಯಾಲಯಗಳ ಲೀಗ್, ಕಂಪನಿ ತಂಡಗಳ ಟೂರ್ನಿ. ಎಲ್ಲಕ್ಕೂ ಕೈಹಾಕಿದವರು ಮೇ ತಿಂಗಳು ಬರುವಷ್ಟರಲ್ಲಿ ಸುಸ್ತಾಗಿ ಬಿಟ್ಟುಬಿಡುತ್ತಾರೆ.

ಕೊನೆಯವರೆಗೆ ನಡೆಯುವ ದಾರಿ ಬೇರೆ. ಒಂದು ವೃತ್ತಿಪರ ತಂಡ ಆರಿಸಿಕೊಳ್ಳಿ, ಜೊತೆಗೆ ಒಂದು ಪ್ರಾಂತ್ಯ. ಜಪಾನಿನಲ್ಲಿ 47 ಪ್ರಾಂತ್ಯಗಳಿವೆ, ಶಾಲಾ ಬೇಸ್‌ಬಾಲ್ ಪೂರ್ತಿ ನಿಂತಿರುವುದು ಆ ಲೆಕ್ಕದ ಮೇಲೆ. ಈ ಎರಡು ಎಳೆಗಳು ವರ್ಷದಲ್ಲಿ ಮೂರು ನಾಲ್ಕು ಕಡೆ ತಾವಾಗಿಯೇ ಗಂಟುಬೀಳುತ್ತವೆ. ಉಳಿದದ್ದು ಆ ಗಂಟುಗಳಲ್ಲಿ ಕಣ್ಣಿಗೆ ಬಿದ್ದರೆ ಸಾಕು.

ಹಂತ 1: ತಂಡ ಆರಿಸಿಕೊಳ್ಳಿ

ಸೆಂಟ್ರಲ್ ಲೀಗಿನಲ್ಲಿ ಆರು ತಂಡ: ಟೋಕಿಯೋದ ಯೊಮಿಯುರಿ ಜಯಂಟ್ಸ್ ಮತ್ತು ಯಾಕುಲ್ಟ್ ಸ್ವಾಲೋಸ್, ಯೊಕೊಹಾಮಾದ ಡಿಎನ್‌ಎ ಬೇಸ್ಟಾರ್ಸ್, ನಗೋಯಾದ ಚುನಿಚಿ ಡ್ರ್ಯಾಗನ್ಸ್, ನಿಶಿನೊಮಿಯಾದ ಹನ್ಶಿನ್ ಟೈಗರ್ಸ್, ಹಿರೋಶಿಮಾದ ತೊಯೊ ಕಾರ್ಪ್. ಪೆಸಿಫಿಕ್ ಲೀಗಿನಲ್ಲಿ ಇನ್ನಾರು: ಹೊಕ್ಕೈಡೊದ ನಿಪ್ಪೊನ್-ಹ್ಯಾಮ್ ಫೈಟರ್ಸ್, ಸೆಂದಾಯಿಯ ರಾಕುತೆನ್ ಈಗಲ್ಸ್, ಸೈತಾಮಾದ ಸೆಯಿಬು ಲಯನ್ಸ್, ಚಿಬಾದ ಲೊತ್ತೆ ಮರೀನ್ಸ್, ಒಸಾಕಾದ ಒರಿಕ್ಸ್ ಬಫಲೋಸ್, ಫುಕುವೊಕಾದ ಸಾಫ್ಟ್‌ಬ್ಯಾಂಕ್ ಹಾಕ್ಸ್. ಹೆಸರಿನಲ್ಲಿ ಊರಿಗಿಂತ ಕಂಪನಿಯೇ ಎದ್ದು ಕಾಣುತ್ತದೆ. ನಿಪ್ಪೊನ್-ಹ್ಯಾಮ್ ಮಾಂಸದ ಕಂಪನಿ, ಯಾಕುಲ್ಟ್ ನಮ್ಮಲ್ಲೂ ಪುಟ್ಟ ಬಾಟಲಿಗಳಲ್ಲಿ ಸಿಗುವ ಅದೇ ಹಾಲಿನ ಪಾನೀಯ.

ಭಾರತದಲ್ಲಿ ಕುಳಿತು ನೋಡುವವರು ಗಡಿಯಾರವನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ವಾರದ ದಿನಗಳ ಪಂದ್ಯ ಅಲ್ಲಿ ಸಂಜೆ 6ಕ್ಕೆ ಶುರುವಾದರೆ ಇಲ್ಲಿ ಮಧ್ಯಾಹ್ನ 2:30, ಅಂದರೆ ಆಫೀಸಿನ ಹೊತ್ತು. ಶನಿವಾರ-ಭಾನುವಾರ ಅಲ್ಲಿ ಮಧ್ಯಾಹ್ನ 1 ಅಥವಾ 2ಕ್ಕೆ ಆಟ, ಇಲ್ಲಿ ಬೆಳಗಿನ 9:30 ಅಥವಾ 10:30. ಹಾಗಾಗಿ ವಾರಾಂತ್ಯದ ಹಗಲಿನ ಆಟವೇ ನಿಮ್ಮ ಮುಖ್ಯ ಆಹಾರ. ಹಗಲು ಪಂದ್ಯ ಹೆಚ್ಚು ಆಡುವ ತಂಡ ಹಿಡಿದರೆ ಅನುಕೂಲ. ನೇರ ಪ್ರಸಾರಗಳಲ್ಲಿ ಹಲವು ಜಪಾನಿನ ಒಳಗೆ ಮಾತ್ರ ತೆರೆಯುತ್ತವೆ. ಅದು ಸಿಗದ ದಿನ ವೃತ್ತಿಪರ ಸಂಘಟನೆಯ ಅಧಿಕೃತ ಜಾಲತಾಣದಲ್ಲಿ ಇಂಗ್ಲಿಷ್ ಪುಟಗಳಿವೆ. ಅಂಕಪಟ್ಟಿ, ವೇಳಾಪಟ್ಟಿ, ಸ್ಕೋರು ಮೂರಕ್ಕೂ ಅದು ಸಾಕು.

ಹಂತ 2: ವಾರದ ಲಯ ಹಿಡಿಯಿರಿ

ಫೆಬ್ರವರಿ 1ರಂದು ಎಲ್ಲ ತಂಡಗಳ ತರಬೇತಿ ಶಿಬಿರ ಆರಂಭ, ಬಹುಪಾಲು ಒಕಿನಾವಾ ಮತ್ತು ಮಿಯಾಜಾಕಿಯಲ್ಲಿ. ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಅಭ್ಯಾಸ ಪಂದ್ಯಗಳು ನಡೆಯುತ್ತವೆ. ಅವುಗಳ ಫಲಿತಾಂಶಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಲೀಗ್ ಶುರುವಾಗುವುದು ಮಾರ್ಚ್ ಕೊನೆಗೆ.

143 ಪಂದ್ಯಗಳ ಲೆಕ್ಕ ಹೀಗೆ: ಸ್ವಂತ ಲೀಗಿನ ಐದು ತಂಡಗಳ ವಿರುದ್ಧ ತಲಾ 25, ಒಟ್ಟು 125. ಎದುರು ಲೀಗಿನ ಆರು ತಂಡಗಳ ವಿರುದ್ಧ ತಲಾ 3, ಒಟ್ಟು 18. ಈ 18 ಪಂದ್ಯಗಳು ಮೇ ಕೊನೆ ಮತ್ತು ಜೂನ್‌ನಲ್ಲಿ ಒಟ್ಟಿಗೆ ಬರುತ್ತವೆ.

ವಾರದಲ್ಲಿ ಆರು ದಿನ ಆಟ, ಸೋಮವಾರ ಸಾಮಾನ್ಯವಾಗಿ ರಜೆ. ಮಂಗಳವಾರದಿಂದ ಗುರುವಾರ ಒಂದು ಎದುರಾಳಿ, ಶುಕ್ರವಾರದಿಂದ ಭಾನುವಾರ ಇನ್ನೊಂದು. ಆರಂಭಿಕ ಪಿಚರ್, ಅಂದರೆ ಪಂದ್ಯದ ಶುರುವಿನಿಂದ ಬ್ಯಾಟರ್‌ಗೆ ಚೆಂಡು ಎಸೆಯುವವನು, ವಾರಕ್ಕೊಮ್ಮೆ ಮಾತ್ರ ಎಸೆಯುತ್ತಾನೆ, ಆದ್ದರಿಂದ ಒಂದೊಂದು ತಂಡಕ್ಕೂ ಆರು ಜನ ಆರಂಭಿಕರು ಬೇಕು. ಅಮೆರಿಕದಲ್ಲಿ ಐವರ ಸರದಿ ರೂಢಿ. ಅಲ್ಲಿಗೆ ಹೋದ ಜಪಾನಿ ಪಿಚರ್‌ಗಳಿಗೆ ಬಿಡುವು ಕಡಿಮೆಯಾಯಿತು ಎಂಬ ಮಾತು ಮತ್ತೆ ಮತ್ತೆ ಏಳುವುದು ಇದರಿಂದಲೇ. ತಂಡದ ಮುಖ್ಯ ಪಿಚರ್ ಹೆಚ್ಚಾಗಿ ಶುಕ್ರವಾರ ಅಥವಾ ಮಂಗಳವಾರ ಬರುತ್ತಾನೆ. ನಾಳೆ ಯಾರು ಎಸೆಯುತ್ತಾರೆ ಎಂಬುದನ್ನು ಎರಡೂ ಲೀಗುಗಳು ಹಿಂದಿನ ದಿನವೇ ಪ್ರಕಟಿಸುತ್ತವೆ. ವಾರಕ್ಕೆ ಒಂದೇ ಪಂದ್ಯ ನೋಡುವಷ್ಟು ಸಮಯವಿದ್ದರೆ ಈ ಪ್ರಕಟಣೆ ನೋಡಿ ಆರಿಸಿ.

ಹೊಸಬರಿಗೆ ಗೊಂದಲವಾಗುವ ಒಂದು ಸಂಗತಿ ಇದೆ. ಭಾನುವಾರ ಚೆನ್ನಾಗಿ ಎಸೆದ ಪಿಚರ್ ಸೋಮವಾರ, ಲೀಗ್ ಪಂದ್ಯ ಆಡುವ ಮೊದಲ ತಂಡದ ಪಟ್ಟಿಯಿಂದಲೇ ಮಾಯವಾಗಿರುತ್ತಾನೆ. ಗಾಯವೇ ಇರಬೇಕೆಂದೇನಿಲ್ಲ. ಪಟ್ಟಿಯಿಂದ ತೆಗೆದ ಆಟಗಾರ 10 ದಿನ ವಾಪಸು ಬರುವಂತಿಲ್ಲ ಎಂಬುದು ನಿಯಮ. ಆರಂಭಿಕನ ಮುಂದಿನ ಸರದಿ ದೂರವಿದ್ದರೆ ಅವನನ್ನು ತೆಗೆದು, ಆ ಜಾಗದಲ್ಲಿ ಒಬ್ಬ ಬ್ಯಾಟರ್‌ನನ್ನು ಸೇರಿಸಿಕೊಳ್ಳುತ್ತಾರೆ. ಬರೀ ಪಟ್ಟಿ ನಿಭಾಯಿಸುವ ಲೆಕ್ಕ.

ಎರಡು ಲೀಗುಗಳ ನಡುವೆ ಬಹುಕಾಲ ಇದ್ದ ದೊಡ್ಡ ವ್ಯತ್ಯಾಸ ಡಿಎಚ್, ಅಂದರೆ ಪಿಚರ್ ಬದಲಿಗೆ ಬ್ಯಾಟ್ ಹಿಡಿಯಲೆಂದೇ ಇರುವ ಆಟಗಾರ. ಪೆಸಿಫಿಕ್‌ನಲ್ಲಿ ಅದು 1975ರಿಂದ ಇದೆ. ಸೆಂಟ್ರಲ್‌ನಲ್ಲಿ ಪಿಚರ್ ತಾನೇ ಬ್ಯಾಟ್ ಹಿಡಿಯುವ ಪದ್ಧತಿ ಉಳಿದುಕೊಂಡು ಬಂತು. 2027ರಿಂದ ಅಲ್ಲೂ ಡಿಎಚ್ ತರುವುದೆಂದು 2025ರ ಆಗಸ್ಟ್‌ನಲ್ಲಿ ತೀರ್ಮಾನವಾಯಿತು.

ಹಂತ 3: ಅಂಕಪಟ್ಟಿಯನ್ನು ಸರಿಯಾಗಿ ಓದಿ

ಕ್ರಿಕೆಟ್ ಅಂಕಪಟ್ಟಿಗೆ ಒಗ್ಗಿದ ಕಣ್ಣು ತಪ್ಪುವುದು ಇಲ್ಲೇ. ಇಲ್ಲಿ ಅಂಕಗಳಿಲ್ಲ, ಗೆಲುವಿನ ಪ್ರಮಾಣವಿದೆ. ಎರಡೂ ತಂಡ ಒಂದೊಂದು ಸಲ ಬ್ಯಾಟ್ ಮಾಡಿದರೆ ಒಂದು ಇನಿಂಗ್ಸ್. ಒಂಬತ್ತು ಇನಿಂಗ್ಸ್ ಮುಗಿದಾಗ ಪಂದ್ಯ ಸಮವಾಗಿದ್ದರೆ 12ನೇ ಇನಿಂಗ್ಸ್‌ವರೆಗೆ ಆಡಿಸಿ, ಆಮೇಲೂ ಸಮವಾದರೆ ಡ್ರಾ ಎಂದು ಬಿಡುತ್ತಾರೆ. ಆ ಡ್ರಾ ಲೆಕ್ಕಕ್ಕೇ ಬರುವುದಿಲ್ಲ. ಗೆಲುವನ್ನು, ಗೆಲುವು-ಸೋಲುಗಳ ಮೊತ್ತದಿಂದ ಭಾಗಿಸುತ್ತಾರೆ, ಅಷ್ಟೇ.

ಒಂದು ಲೆಕ್ಕ ಮಾಡಿ ನೋಡೋಣ. ಒಂದು ತಂಡ 75 ಗೆದ್ದು 60 ಸೋತು 8 ಡ್ರಾ ಮಾಡಿದೆ. ಇನ್ನೊಂದು 77 ಗೆದ್ದು 63 ಸೋತು 3 ಡ್ರಾ ಮಾಡಿದೆ. ಮೊದಲನೆಯದರ ಪ್ರಮಾಣ 75ನ್ನು 135ರಿಂದ ಭಾಗಿಸಿದರೆ .556. ಎರಡನೆಯದರದು 77ನ್ನು 140ರಿಂದ ಭಾಗಿಸಿದರೆ .550. ಎರಡು ಪಂದ್ಯ ಕಡಿಮೆ ಗೆದ್ದ ತಂಡವೇ ಮೇಲೆ. ಸೋಲಬೇಕಿದ್ದ ಪಂದ್ಯವನ್ನು 12ನೇ ಇನಿಂಗ್ಸ್‌ವರೆಗೆ ಎಳೆದು ಡ್ರಾ ಮಾಡಿಕೊಂಡರೆ ಅಭಿಮಾನಿಗಳು ಗೆದ್ದಂತೆ ಚಪ್ಪಾಳೆ ತಟ್ಟುವುದು ಯಾಕೆಂದು ಈಗ ತಿಳಿಯುತ್ತದೆ.

ಪಕ್ಕದ ಸಾಲಿನಲ್ಲಿರುವುದು ಅಂತರ. ಗೆಲುವುಗಳ ವ್ಯತ್ಯಾಸಕ್ಕೆ ಸೋಲುಗಳ ವ್ಯತ್ಯಾಸ ಕೂಡಿಸಿ ಎರಡರಿಂದ ಭಾಗಿಸಿದ ಸಂಖ್ಯೆ. ಮೇಲಿನ ಉದಾಹರಣೆಯಲ್ಲಿ ಗೆಲುವಿನಲ್ಲಿ ಮೊದಲ ತಂಡ 2 ಹಿಂದೆ, ಸೋಲಿನಲ್ಲಿ 3 ಲಾಭ. ಉಳಿದ 1ರ ಅರ್ಧ, ಅಂದರೆ ಅಂತರ 0.5.

ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಪತ್ರಿಕೆಗಳ ತುಂಬ ‘ಮ್ಯಾಜಿಕ್’ ಸಂಖ್ಯೆ. ಮುಂದಿರುವ ತಂಡ ಇನ್ನೆಷ್ಟು ಗೆದ್ದರೆ ಯಾರೂ ಹಿಡಿಯಲಾರರು ಎಂಬ ಲೆಕ್ಕ ಅದು. ಮುಂದಿರುವವರು 78 ಗೆಲುವು, 50 ಸೋಲು, 5 ಡ್ರಾ. ಹಿಂದಿನವರು 72, 56, 5. ಇಬ್ಬರಿಗೂ ಉಳಿದದ್ದು 10 ಪಂದ್ಯ ಎಂದಿಟ್ಟುಕೊಳ್ಳಿ. ಹಿಂದಿನವರು ಹತ್ತೂ ಗೆದ್ದರೆ 82 ಗೆಲುವು. ಮುಂದಿನವರು 83 ಮುಟ್ಟಿದರೆ ಕೆಲಸ ಮುಗಿಯಿತು, ಆದ್ದರಿಂದ ಮ್ಯಾಜಿಕ್ 5. ತಾವು ಒಂದು ಗೆದ್ದರೆ 4, ಅದೇ ದಿನ ಹಿಂದಿನವರು ಸೋತರೆ 3.

ಆದರೆ ಈ ಸಂಖ್ಯೆಯ ದೀಪ ಸುಮ್ಮನೆ ಹೊತ್ತುವುದಿಲ್ಲ. ಉಳಿದ ಐದು ತಂಡಗಳಲ್ಲಿ ಯಾವುದಕ್ಕೂ ಸ್ವಂತ ಬಲದಿಂದ ಮೊದಲ ಸ್ಥಾನಕ್ಕೆ ಬರುವ ದಾರಿ ಉಳಿಯಬಾರದು. ಹಿಂದಿನ ತಂಡದ ಜೊತೆ ನೇರ ಪಂದ್ಯಗಳು ಬಹಳ ಬಾಕಿ ಇದ್ದರೆ, ಅಂತರ ದೊಡ್ಡದಾಗಿದ್ದರೂ ದೀಪ ಹೊತ್ತದು. ಹೊತ್ತಿದ್ದು ಆರುವುದೂ ಉಂಟು. ಆಗ ಅಂಕಪಟ್ಟಿ ತಪ್ಪಾಗಿದೆ ಎಂದುಕೊಳ್ಳಬೇಡಿ.

ಹಂತ 4: ವಸಂತದ ಕೊಶಿಯೆನ್

ಈಗ ಎರಡನೇ ಎಳೆ. ಜಪಾನಿನ ಹೈಸ್ಕೂಲ್ ಎಂದರೆ ಸುಮಾರು 15ರಿಂದ 18 ವಯಸ್ಸಿನ ಮೂರು ವರ್ಷ. ನಮ್ಮ ಹತ್ತನೇ ತರಗತಿ ಮತ್ತು ಪಿಯುಸಿ ಸೇರಿದ ಅವಧಿ. ಶಾಲಾ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಹೀಗಾಗಿ ಒಬ್ಬ ಹುಡುಗನಿಗೆ, ಹೈಸ್ಕೂಲ್‌ಗಳ ರಾಷ್ಟ್ರಮಟ್ಟದ ಟೂರ್ನಿಗಳು ನಡೆಯುವ ಕೊಶಿಯೆನ್ ಮೈದಾನ ಮುಟ್ಟಲು ಇಡೀ ಜೀವನದಲ್ಲಿ ಸಿಗುವುದು ಐದೇ ಅವಕಾಶ: ಬೇಸಿಗೆ ಮೂರು, ವಸಂತ ಎರಡು.

ವಸಂತದ ಟೂರ್ನಿ ಮಾರ್ಚ್‌ನಲ್ಲಿ. 32 ಶಾಲೆಗಳು, ಗೆಲ್ಲಲು ಐದು ಪಂದ್ಯ. ಇದಕ್ಕೆ ನೇರ ಅರ್ಹತಾ ಸುತ್ತಿಲ್ಲ, ಜನವರಿ ಕೊನೆಗೆ ಆಯ್ಕೆ ಸಮಿತಿ ಕೂತು ಪಟ್ಟಿ ಪ್ರಕಟಿಸುತ್ತದೆ. ಆಧಾರ ಹಿಂದಿನ ಶರತ್ಕಾಲದ ಪ್ರಾದೇಶಿಕ ಟೂರ್ನಿಗಳ ಆಟ. ಜೊತೆಗೆ ‘21ನೇ ಶತಮಾನ’ ಎಂಬ ಹೆಸರಿನ ವಿಶೇಷ ಕೋಟಾ ಇದೆ. ಹಿಮ ಬೀಳುವ ಊರು, ಆಟಗಾರರ ಕೊರತೆ, ವಿಕೋಪದ ಪೆಟ್ಟು ಇಂಥ ಅಡ್ಡಿಗಳ ನಡುವೆಯೂ ಚೆನ್ನಾಗಿ ಆಡಿದ ಶಾಲೆಗಳಿಗೆ ಮೀಸಲು. ಯಾರನ್ನು ಬಿಟ್ಟರು, ಯಾಕೆ ಬಿಟ್ಟರು ಎಂಬ ಜಗಳ ಪ್ರತಿ ಜನವರಿಯ ಆಚರಣೆ. ನೀವು ಆರಿಸಿದ ಪ್ರಾಂತ್ಯದ ಶಾಲೆ ಇದರಲ್ಲಿದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಚಿಂತೆಯಿಲ್ಲ, ಬೇಸಿಗೆಯಲ್ಲಿ 47 ಪ್ರಾಂತ್ಯಗಳಿಗೂ ಜಾಗ ಖಾತ್ರಿ.

2024ರ ವಸಂತದಿಂದ ಆಟದ ಬಣ್ಣವೇ ಬದಲಾಗಿದೆ. ಹೈಸ್ಕೂಲಿನವರು ಅಲ್ಯೂಮಿನಿಯಂ ಬ್ಯಾಟ್ ಬಳಸುತ್ತಾರೆ. ಚೆಂಡಿನ ವೇಗ ಪಿಚರ್‌ಗೆ ಅಪಾಯ ತರುತ್ತಿದೆ ಎಂದು ಬ್ಯಾಟಿನ ಗರಿಷ್ಠ ದಪ್ಪವನ್ನು 67 ಮಿಲಿಮೀಟರ್‌ನಿಂದ 64ಕ್ಕೆ ಇಳಿಸಿದರು, ಹೊಡೆಯುವ ಭಾಗದ ಗೋಡೆಯನ್ನು ದಪ್ಪ ಮಾಡಿದರು, 900 ಗ್ರಾಂಗಿಂತ ಹಗುರ ಇರಬಾರದೆಂಬ ಹಳೆಯ ನಿಯಮ ಹಾಗೆಯೇ ಉಳಿಯಿತು. ಪರಿಣಾಮ: ಹೋಂರನ್ (ಚೆಂಡು ಗೋಡೆ ದಾಟುವ ಹೊಡೆತ) ತೀರಾ ಕಡಿಮೆಯಾಗಿ, ಬಂಟ್ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟಿಬಿಡುವುದು), ಓಟ, ಫೀಲ್ಡಿಂಗಿಗೆ ಬೆಲೆ ಬಂತು. 2024ಕ್ಕೂ ಹಿಂದಿನ ವಿಡಿಯೊ ನೋಡಿ ಅದೇ ನಿರೀಕ್ಷೆಯಲ್ಲಿ ಕೂತರೆ ನಿರಾಸೆ. ಹೊರಮೈದಾನದ ಫೀಲ್ಡರ್‌ಗಳು ಎಷ್ಟು ಮುಂದೆ ಬಂದು ನಿಂತಿದ್ದಾರೆ ಎಂಬುದನ್ನು ಗಮನಿಸಿ. ಬ್ಯಾಟಿನ ಬದಲಾವಣೆ ಅಲ್ಲೇ ಕಾಣುತ್ತದೆ. 2026ರ ವಸಂತದಿಂದ ಹೈಸ್ಕೂಲಿನಲ್ಲೂ ಡಿಎಚ್ ಬಂದಿದೆ.

ಹಂತ 5: ಬೇಸಿಗೆ. ಇಲ್ಲಿ ಸಮಯ ಉಳಿಸಬೇಡಿ

ವರ್ಷದಲ್ಲಿ ಒಂದೇ ಟೂರ್ನಿ ನೋಡಬೇಕೆಂದರೆ ಇದೇ. 1915ರಲ್ಲಿ ಶುರುವಾದ ಟೂರ್ನಿ, 1924ರ ಆಗಸ್ಟ್ 1ರಂದು ಉದ್ಘಾಟನೆಯಾದ ಕೊಶಿಯೆನ್ ಕ್ರೀಡಾಂಗಣಕ್ಕೆ ಅದೇ ವರ್ಷ ಬಂತು.

ಮೊದಲು ಪ್ರಾಂತ್ಯದ ಸುತ್ತು. ಒಕಿನಾವಾದಲ್ಲಿ ಜೂನ್ ಮಧ್ಯದಲ್ಲೇ ಶುರು, ಜುಲೈ ಕೊನೆಯ ಹೊತ್ತಿಗೆ ಎಲ್ಲೆಡೆ ಮುಕ್ತಾಯ. 45 ಪ್ರಾಂತ್ಯಗಳಿಂದ ಒಂದೊಂದು, ಹೊಕ್ಕೈಡೊ ಮತ್ತು ಟೋಕಿಯೋದಿಂದ ಎರಡೆರಡು, ಹೀಗೆ 49 ಶಾಲೆಗಳು ಕೊಶಿಯೆನ್‌ಗೆ. ಒಂದು ಸೋಲು, ಮನೆಗೆ ದಾರಿ. ಮೂರನೇ ವರ್ಷದವರಿಗೆ ಅದು ಶಾಲಾ ಬೇಸ್‌ಬಾಲಿನ ಕೊನೆಯ ಪಂದ್ಯವೂ ಹೌದು. ದಾರಿ ಎಲ್ಲರಿಗೂ ಒಂದೇ ಉದ್ದವಿಲ್ಲ: ತೊತ್ತೊರಿಯಂಥ ಪುಟ್ಟ ಪ್ರಾಂತ್ಯದಲ್ಲಿ ನಾಲ್ಕೈದು ಗೆಲುವು ಸಾಕು, ನೂರೈವತ್ತಕ್ಕೂ ಹೆಚ್ಚು ತಂಡಗಳಿರುವ ಕನಗಾವಾ, ಒಸಾಕಾದಲ್ಲಿ ಏಳೆಂಟು ಬೇಕು. ಪ್ರಾಂತ್ಯ ಆರಿಸುವಾಗ ಇದನ್ನು ನೆನಪಿಡಿ. ದೊಡ್ಡದರಲ್ಲಿ ಆಟದ ಮಟ್ಟ ಹೆಚ್ಚು, ಚಿಕ್ಕದರಲ್ಲಿ ಪ್ರತಿ ಶಾಲೆಯ ಹೆಸರೂ ಬೇಗ ಬಾಯಿಗೆ ಬರುತ್ತದೆ. ಹೊಸಬರಿಗೆ ಚಿಕ್ಕದೇ ವಾಸಿ.

ಪ್ರಾಂತ್ಯದ ಸುತ್ತಿನಲ್ಲಿ ಆಟ ನಡುವೆಯೇ ಮುಗಿದದ್ದು ಕಂಡರೆ ಬೆರಗಾಗಬೇಡಿ. 5ನೇ ಇನಿಂಗ್ಸ್ ನಂತರ 10 ರನ್, 7ನೇ ಇನಿಂಗ್ಸ್ ನಂತರ 7 ರನ್ ಅಂತರವಿದ್ದರೆ ಪಂದ್ಯ ನಿಲ್ಲಿಸುತ್ತಾರೆ. ಕೊಶಿಯೆನ್‌ನಲ್ಲಿ ಈ ನಿಯಮವಿಲ್ಲ, ಎಷ್ಟೇ ರನ್ ಹೊಡೆಸಿಕೊಂಡರೂ ಒಂಬತ್ತನೆಯದನ್ನು ಆಡಿಯೇ ಮುಗಿಸಬೇಕು.

ಆಗಸ್ಟ್ ಮೊದಲ ದಿನಗಳಲ್ಲಿ ಚೀಟಿ ಎತ್ತುತ್ತಾರೆ. 49 ತಂಡಗಳಾದ್ದರಿಂದ ಮೊದಲ ಸುತ್ತಿನಲ್ಲಿ 34 ತಂಡ ಆಡಿ 17 ಉಳಿಯುತ್ತವೆ. ಉಳಿದ 15 ನೇರ ಎರಡನೇ ಸುತ್ತಿಗೆ. ಚಾಂಪಿಯನ್ ಆಗಲು ಕೆಲವರಿಗೆ ಐದು ಗೆಲುವು, ಕೆಲವರಿಗೆ ಆರು. ಬಿಸಿಲಿನಲ್ಲಿ ಆ ಒಂದು ಪಂದ್ಯದ ವ್ಯತ್ಯಾಸ ಸಣ್ಣದಲ್ಲ. ಎಲ್ಲ ಸುತ್ತುಗಳ ಎದುರಾಳಿಗಳು ಮೊದಲೇ ನಿಗದಿಯಾಗುವುದಿಲ್ಲ, ಮುಂದಿನ ಹಂತಗಳಿಗೆ ಮತ್ತೆ ಚೀಟಿ ಎತ್ತುತ್ತಾರೆ. ಹೀಗಾಗಿ ಆರಂಭದಲ್ಲೇ ಫೈನಲ್‌ವರೆಗೆ ನಕ್ಷೆ ಬರೆದಿಟ್ಟುಕೊಂಡರೆ ವ್ಯರ್ಥ.

ತೆರೆಯ ಮೇಲೆ ಏನು ನೋಡಬೇಕು? ಮೊದಲು ಬೆನ್ನಿನ ಸಂಖ್ಯೆ. ವೃತ್ತಿಪರರಲ್ಲಿ ಅದು ಬರಿ ಗುರುತು, ಹೈಸ್ಕೂಲಿನಲ್ಲಿ ಅದೇ ಸ್ಥಾನ: 1 ಪಿಚರ್, 2 ಕ್ಯಾಚರ್, 3 ಮೊದಲ ಬೇಸ್, 4 ಎರಡನೇ ಬೇಸ್, 5 ಮೂರನೇ ಬೇಸ್, 6 ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವಿನವನು), 7 ಎಡ, 8 ನಡು, 9 ಬಲ ಹೊರಮೈದಾನ. 10ರ ನಂತರದವರು ಮೀಸಲು. ಒಟ್ಟು 20 ಜನರಿಗೆ ಅವಕಾಶ, 2023ಕ್ಕೂ ಹಿಂದೆ 18 ಇತ್ತು. 1ರ ಹುಡುಗ ಬೆಂಚಿನಲ್ಲಿ ಕೂತು 10 ಅಥವಾ 11 ಸಂಖ್ಯೆಯವನು ಎಸೆಯಲು ಶುರುಮಾಡಿದರೆ, ಆ ಶಾಲೆ ಮುಂದಿನ ಸುತ್ತಿಗೆ ತನ್ನ ಮುಖ್ಯ ಪಿಚರ್‌ನನ್ನು ಉಳಿಸುತ್ತಿದೆ ಎಂದು ಲೆಕ್ಕ.

ಉಳಿಸಲು ಕಾರಣ ಎಸೆತಗಳ ಮಿತಿ. ಒಬ್ಬ ಪಿಚರ್ ಒಂದು ವಾರದಲ್ಲಿ 500 ಎಸೆತಕ್ಕಿಂತ ಹೆಚ್ಚು ಎಸೆಯುವಂತಿಲ್ಲ. 2018ರಲ್ಲಿ ಅಕಿತಾ ಪ್ರಾಂತ್ಯದ ಕೃಷಿ ಶಾಲೆ ಕನಾಶಿ ನೋಗ್ಯೋವನ್ನು ಯೊಶಿದಾ ಕೊಸೆಯಿ ಬಹುತೇಕ ಒಂಟಿಯಾಗಿ ಫೈನಲ್‌ಗೆ ಒಯ್ದ. ಕೊಶಿಯೆನ್ ಒಂದರಲ್ಲೇ ಅವನ ಎಸೆತಗಳು 881. ಮೆಚ್ಚುಗೆ, ಆತಂಕ ಎರಡೂ ಒಟ್ಟಿಗೆ ಎದ್ದವು, ಮಿತಿ ಬಂದದ್ದು ಆ ಚರ್ಚೆಯ ಬೆನ್ನಲ್ಲೇ. 1998ರಲ್ಲಿ ಯೊಕೊಹಾಮಾ ಶಾಲೆಯ ಮತ್ಸುಜಾಕಾ ದೈಸುಕೆ ಪಿಎಲ್ ಗಕುಯೆನ್ ವಿರುದ್ಧ 17 ಇನಿಂಗ್ಸ್, 250 ಎಸೆತ ಎಸೆದ ಕಥೆಯನ್ನು ಹಳೆಯ ಅಭಿಮಾನಿಗಳು ಈಗಲೂ ಹೇಳುತ್ತಾರೆ. ಅಂಥದ್ದು ಇನ್ನು ನಡೆಯುವ ಸಾಧ್ಯತೆಯೇ ಇಲ್ಲವೆನ್ನಬಹುದು. ಯಾಕೆಂದರೆ 2023ರಿಂದ 10ನೇ ಇನಿಂಗ್ಸ್‌ನಲ್ಲೇ ಟೈಬ್ರೇಕ್: ಮೊದಲ ಮತ್ತು ಎರಡನೇ ಬೇಸ್‌ನಲ್ಲಿ ಓಟಗಾರರನ್ನು ನಿಲ್ಲಿಸಿ, ಔಟ್ ಇಲ್ಲದೆ ಆಟ ಶುರು. ಮೊದಲು ಬ್ಯಾಟ್ ಮಾಡುವ ತಂಡ ಬಂಟ್ ಮಾಡಿ ಓಟಗಾರರನ್ನು ಮುಂದೊತ್ತುತ್ತದೆಯೇ, ದೊಡ್ಡ ಹೊಡೆತಕ್ಕೆ ಹೋಗುತ್ತದೆಯೇ ಎಂಬಲ್ಲಿ ತರಬೇತುದಾರನ ಸ್ವಭಾವ ಬಯಲಾಗುತ್ತದೆ.

ತರಬೇತುದಾರ ಮೈದಾನಕ್ಕೆ ಇಳಿಯುವುದಿಲ್ಲ ಎಂಬುದನ್ನೂ ಗಮನಿಸಿ. ಪಿಚರ್ ತಡವರಿಸುತ್ತಿದ್ದರೆ ಬೆಂಚಿನಿಂದ ಮೀಸಲು ಹುಡುಗನೊಬ್ಬ ಓಡಿಬರುತ್ತಾನೆ. ಅವನೇ ದೂತ. ಫೀಲ್ಡಿಂಗ್ ಮಾಡುವ ತಂಡಕ್ಕೆ ಒಂಬತ್ತು ಇನಿಂಗ್ಸ್‌ನಲ್ಲಿ ಇಂಥ ಮೂರೇ ಅವಕಾಶ. ಒಳಮೈದಾನದವರೆಲ್ಲ ಪಿಚರ್ ನಿಲ್ಲುವ ದಿಬ್ಬದ ಸುತ್ತ ಸೇರುತ್ತಾರೆ, ಹುಡುಗ ಸಂದೇಶ ಹೇಳಿ, ಎಲ್ಲರನ್ನೂ ಒಮ್ಮೆ ನಗಿಸಿ, ಟೋಪಿ ಹಿಡಿದುಕೊಂಡು ವಾಪಸು ಓಡುತ್ತಾನೆ. ಇಡೀ ಟೂರ್ನಿಯಲ್ಲಿ ಒಂದು ಎಸೆತವನ್ನೂ ಎದುರಿಸದ ಹುಡುಗನ ಕೆಲಸ ಅದಾಗಿರಬಹುದು. ಮೂರನ್ನೂ ಏಳನೇ ಇನಿಂಗ್ಸ್‌ಗೆ ಮೊದಲೇ ಖರ್ಚು ಮಾಡಿದ ತಂಡ ಕೊನೆಯಲ್ಲಿ ಪೇಚಿಗೆ ಸಿಲುಕುತ್ತದೆ. ಸ್ಕೋರ್ ಬರೆಯುವವರು ಈ ಲೆಕ್ಕವನ್ನೂ ಅಂಚಿನಲ್ಲಿ ಗುರುತು ಹಾಕಿಕೊಳ್ಳಿ.

ಮೈದಾನದ ಗುಣವೂ ತಿಳಿದಿರಲಿ. ಒಳಮೈದಾನ ಪೂರ್ತಿ ಕಪ್ಪು ಮಣ್ಣು, ಹೊರಗೆ ಹುಲ್ಲು. ಬದಿಗೆ 95 ಮೀಟರ್, ನಡುವಿಗೆ 118. ಸಮುದ್ರದ ಕಡೆಯಿಂದ ಬೀಸುವ ‘ಹಮಾಕಾಜೆ’ ಬಲದಿಂದ ಎಡಕ್ಕೆ ತಳ್ಳುತ್ತದೆ. ಎಡಗೈ ಬ್ಯಾಟರ್ ಬಲಕ್ಕೆ ಎತ್ತಿ ಹೊಡೆದ ಚೆಂಡು ಗೋಡೆ ದಾಟಿತು ಎನ್ನುವಾಗಲೇ ಗಾಳಿಗೆ ಸಿಕ್ಕಿ ಫೀಲ್ಡರ್ ಕೈಗೆ ಬೀಳುವುದು ಇದರಿಂದ.

ಬೆಳಗಿನ ಮೊದಲ ಪಂದ್ಯ 8ಕ್ಕೆ, ನಮ್ಮಲ್ಲಿ ನಸುಕಿನ 4:30. ನಾಲ್ಕು ಪಂದ್ಯಗಳಿರುವ ದಿನ ಮೂರನೆಯದು ಭಾರತದವರಿಗೆ ಹದವಾದ ಹೊತ್ತಿಗೆ ಬೀಳುತ್ತದೆ. ಬಿಸಿಲಿನ ಕಾರಣಕ್ಕೆ ಈಗ ವ್ಯವಸ್ಥೆ ಬದಲಾಗುತ್ತಿದೆ. 2023ರಿಂದ 5ನೇ ಇನಿಂಗ್ಸ್ ಮುಗಿದೊಡನೆ 10 ನಿಮಿಷ ತಂಪಾಗುವ ವಿರಾಮ. 2024ರಿಂದ ಕೆಲವು ದಿನ ಬೆಳಗ್ಗೆ ಮತ್ತು ಸಂಜೆ ಎಂದು ಎರಡು ಭಾಗ, ನಡು ಹಗಲು ಬಿಡುವು. 2025ರಲ್ಲಿ ಉದ್ಘಾಟನೆಯನ್ನೇ ಸಂಜೆ 4ಕ್ಕೆ ಇಟ್ಟರು. ಆದ್ದರಿಂದ ಹಳೆಯ ವೇಳೆ ನಂಬದೆ ಆ ದಿನದ ಪಟ್ಟಿ ನೋಡಿ. ಆಗಸ್ಟ್ 15ರ ಮಧ್ಯಾಹ್ನ 12ಕ್ಕೆ ಆಟ ನಿಲ್ಲುತ್ತದೆ. ಯುದ್ಧದಲ್ಲಿ ಸತ್ತವರಿಗಾಗಿ ಸೈರನ್ ಮೊಳಗಿಸಿ ಮೌನ. ಪ್ರಸಾರ ಕೆಟ್ಟಿದೆ ಎಂದು ಚಾನೆಲ್ ಬದಲಿಸಬೇಡಿ.

ಎರಡು ಎಳೆಗಳ ಮೊದಲ ಗಂಟು ಇಲ್ಲಿದೆ. ಕೊಶಿಯೆನ್ ಹನ್ಶಿನ್ ಟೈಗರ್ಸ್‌ನ ತವರು. ಮಕ್ಕಳು ಆಡುವಷ್ಟು ದಿನ ದೊಡ್ಡವರು ಮನೆ ಬಿಟ್ಟು ಹೋಗಬೇಕು. ಹಿಂದೆ ಪೂರ್ತಿ ಪರವೂರ ಪ್ರವಾಸ, ಅದಕ್ಕೆ ‘ಸಾವಿನ ದಾರಿ’ ಎಂಬ ಅಡ್ಡಹೆಸರೂ ಬಿದ್ದಿತ್ತು. ಈಗ ಕೆಲವನ್ನು ಒಸಾಕಾದ ಕ್ಯೊಸೆರಾ ಡೋಮ್‌ನಲ್ಲಿ ಆಡುವುದರಿಂದ ಆ ಹೆಸರಿನಷ್ಟು ಕಷ್ಟವಿಲ್ಲ.

ಹಂತ 6: ನಡುವಿನವರು

ಟೋಕಿಯೋದ ಆರು ವಿಶ್ವವಿದ್ಯಾಲಯಗಳ ಲೀಗ್ (ವಸೇದಾ, ಕೆಯೊ, ಮೆಯಿಜಿ, ಹೊಸೆಯಿ, ರಿಕ್ಯೊ, ಟೋಕಿಯೋ) 1925ರಿಂದ ಇದೆ. ವಸಂತ ಮತ್ತು ಶರತ್ಕಾಲದಲ್ಲಿ ಜಿಂಗೂ ಮೈದಾನದಲ್ಲಿ ಆಡುತ್ತಾರೆ. ಒಬ್ಬ ಎದುರಾಳಿಯನ್ನು ಎರಡು ಸಲ ಸೋಲಿಸಿದರೆ ಒಂದು ಅಂಕ. ಕೊನೆಯ ವಾರ ವಸೇದಾ-ಕೆಯೊ ಪಂದ್ಯ. ಒಂದೇ ದಿನ ಬಿಡುವಿದ್ದರೆ ಅದನ್ನು ನೋಡಿ, ಬೊಬ್ಬೆ ಹೊಡೆಯುವುದರಲ್ಲಿ ಇಬ್ಬರೂ ಕಮ್ಮಿಯಿಲ್ಲ.

ಕಂಪನಿ ತಂಡಗಳ ದೊಡ್ಡ ಟೂರ್ನಿ 1927ರಿಂದ ನಡೆಯುತ್ತಿರುವ ‘ತೊಶಿ ತೈಕೊ’, ನಗರಗಳ ನಡುವಿನ ಹೋರಾಟ. ಬೇಸಿಗೆಯಲ್ಲಿ ಟೋಕಿಯೋ ಡೋಮ್‌ನಲ್ಲಿ 32 ತಂಡಗಳು. ಕಂಪನಿಯ ಕೆಲಸವನ್ನೂ ಮಾಡುವ ಆಟಗಾರರು, ನೌಕರರೆಲ್ಲ ಸೇರಿ ಕೂಗುವ ಗ್ಯಾಲರಿ. ನಮ್ಮ ಬಿಡದಿಯಲ್ಲಿ ಕಾರು ಮಾಡುವ ಟೊಯೊಟಾದ ತಂಡ 2016 ಮತ್ತು 2023ರಲ್ಲಿ ಇದನ್ನು ಗೆದ್ದಿದೆ. ವಿಚಿತ್ರ ನಿಯಮ ಒಂದಿದೆ. ಅರ್ಹತೆ ಪಡೆದ ತಂಡ, ತನ್ನ ಪ್ರದೇಶದಲ್ಲಿ ಸೋತ ಬೇರೆ ಕಂಪನಿಗಳಿಂದ ಮೂವರು ಆಟಗಾರರನ್ನು ಎರವಲು ತರಬಹುದು. ಮೊನ್ನೆ ಎದುರಾಳಿಯಾಗಿದ್ದ ಪಿಚರ್ ಇವತ್ತು ನಿಮ್ಮ ಪರ ಎಸೆಯುತ್ತಿದ್ದರೆ ಅದು ಇದೇ.

ಹಂತ 7: ಅಕ್ಟೋಬರ್‌ನ ಎರಡು ಚಾಂಪಿಯನ್‌ಗಳು

ಲೀಗ್ ಗೆದ್ದವರು ಬೇರೆ, ಎರಡು ಲೀಗುಗಳ ನಡುವಿನ ಅಂತಿಮ ಹಣಾಹಣಿಯಾದ ಜಪಾನ್ ಸೀರೀಸ್‌ಗೆ ಹೋಗುವವರು ಬೇರೆಯಾಗಬಹುದು. 143 ಪಂದ್ಯ ಮುಗಿದಾಗ ಮೇಲಿರುವ ತಂಡವೇ ಲೀಗ್ ಚಾಂಪಿಯನ್, ಆ ಬಿರುದು ಮತ್ತೆ ಹೋಗುವುದಿಲ್ಲ. ಆಮೇಲೆ ಕ್ಲೈಮ್ಯಾಕ್ಸ್ ಸೀರೀಸ್, 2007ರಿಂದ ಎರಡೂ ಲೀಗಿನಲ್ಲಿ. ಎರಡನೇ ಮತ್ತು ಮೂರನೇ ತಂಡ ಮೂರು ಪಂದ್ಯ ಆಡುತ್ತವೆ, ಎಲ್ಲವೂ ಎರಡನೆಯವರ ತವರಿನಲ್ಲಿ. ಗೆದ್ದವರು ಚಾಂಪಿಯನ್ ತವರಿಗೆ ಹೋಗುತ್ತಾರೆ. ಅಲ್ಲಿ ಆರು ಪಂದ್ಯಗಳವರೆಗೆ ಆಟ, ನಾಲ್ಕು ಗೆಲುವು ಬೇಕು. 2025ರ ನಿಯಮದಂತೆ ಚಾಂಪಿಯನ್‌ಗೆ ಒಂದು ಗೆಲುವು ಆಡದೆಯೇ ಜಮೆ.

ಇಷ್ಟೆಲ್ಲ ಅನುಕೂಲವಿದ್ದರೂ ಎಡವಟ್ಟಾಗುತ್ತದೆ. 2024ರಲ್ಲಿ ಡಿಎನ್‌ಎ ಬೇಸ್ಟಾರ್ಸ್ 71 ಗೆಲುವು, 69 ಸೋಲು, 3 ಡ್ರಾ ಮಾಡಿ ಮೂರನೇ ಸ್ಥಾನದಲ್ಲಿತ್ತು. ಹನ್ಶಿನ್, ಆಮೇಲೆ ಚಾಂಪಿಯನ್ ಜಯಂಟ್ಸ್, ಕೊನೆಗೆ ಜಪಾನ್ ಸೀರೀಸ್‌ನಲ್ಲಿ ಸಾಫ್ಟ್‌ಬ್ಯಾಂಕ್ ಅನ್ನು 4-2ರಿಂದ ಉರುಳಿಸಿತು. ಆ ವರ್ಷದ ಸೆಂಟ್ರಲ್ ಚಾಂಪಿಯನ್ ಯಾರು ಎಂದರೆ ಉತ್ತರ ಈಗಲೂ ಜಯಂಟ್ಸ್. ಇದು ನ್ಯಾಯವೇ ಎಂಬ ವಾದ ಮುಗಿಯುವಂಥದ್ದಲ್ಲ. 143 ಪಂದ್ಯಗಳಿಗೆ ಸಿಗುವ ಬೆಲೆ ಕಡಿಮೆಯೇ ಎಂಬುದು ನಮ್ಮ ಪಕ್ಷ. 2025ರಲ್ಲಿ ಸಾಫ್ಟ್‌ಬ್ಯಾಂಕ್ ಹನ್ಶಿನ್ ವಿರುದ್ಧ 4-1ರಿಂದ ಗೆದ್ದಾಗ ಎರಡೂ ಕಡೆ ಲೀಗ್ ಚಾಂಪಿಯನ್‌ಗಳೇ ಇದ್ದದ್ದರಿಂದ ಆ ಗಲಾಟೆ ಇರಲಿಲ್ಲ.

ಹಂತ 8: ಡ್ರಾಫ್ಟ್, ಎಳೆಗಳು ಸೇರುವ ಜಾಗ

ಅಕ್ಟೋಬರ್ ಕೊನೆಗೆ 12 ತಂಡಗಳು ಹೊಸ ಆಟಗಾರರನ್ನು ಆರಿಸುತ್ತವೆ. ಹೈಸ್ಕೂಲ್ ಹುಡುಗ ಇದಕ್ಕೆ ಮೊದಲೇ ‘ವೃತ್ತಿಪರನಾಗುವ ಇಚ್ಛೆ’ಯ ಅರ್ಜಿ ಕೊಟ್ಟಿರಬೇಕು. ಆಗಸ್ಟ್‌ನಲ್ಲಿ ನೀವು ಮೆಚ್ಚಿದವನ ಹೆಸರು ಇಲ್ಲದಿದ್ದರೆ, ಅವನು ವಿಶ್ವವಿದ್ಯಾಲಯಕ್ಕೆ ಅಥವಾ ಕಂಪನಿಗೆ ಹೊರಟಿದ್ದಾನೆ. ಮೊದಲ ಸುತ್ತಿನಲ್ಲಿ ಎಲ್ಲರೂ ಒಟ್ಟಿಗೆ ಹೆಸರು ಕೊಡುತ್ತಾರೆ. ಒಬ್ಬನನ್ನೇ ಹಲವರು ಕೇಳಿದರೆ ಚೀಟಿ. 1989ರಲ್ಲಿ ನೊಮೊ ಹಿದೆಯೊಗಾಗಿ ಎಂಟು ತಂಡಗಳು ಚೀಟಿ ಎತ್ತಿದವು. ಎರಡನೇ ಸುತ್ತಿನಿಂದ ಕೆಳಗಿನ ಸ್ಥಾನದ ತಂಡಕ್ಕೆ ಮೊದಲ ಅವಕಾಶ, ಮೂರನೆಯದರಲ್ಲಿ ಕ್ರಮ ತಿರುವುಮುರುವು.

ಮುಖ್ಯ ಡ್ರಾಫ್ಟ್ ಮುಗಿದೊಡನೆ ಎದ್ದುಹೋಗಬೇಡಿ. ಅದರ ನಂತರ ‘ಇಕುಸೆಯಿ’, ಬೆಳೆಸಿಕೊಳ್ಳುವ ಆಟಗಾರರ ಆಯ್ಕೆ ಇರುತ್ತದೆ. ಇವರ ಬೆನ್ನಿನ ಸಂಖ್ಯೆ ಮೂರಂಕಿ, ಮೊದಲ ತಂಡದ ಪಂದ್ಯ ಆಡುವಂತಿಲ್ಲ. 2010ರಲ್ಲಿ ಸಾಫ್ಟ್‌ಬ್ಯಾಂಕ್ ಇದರ ನಾಲ್ಕನೇ ಸುತ್ತಿನಲ್ಲಿ ತೆಗೆದುಕೊಂಡ ಸೆಂಗಾ ಕೊದಾಯಿ ಮುಂದೆ ನ್ಯೂಯಾರ್ಕ್ ಮೆಟ್ಸ್‌ವರೆಗೆ ಹೋದ.

ಇದೇ ಹೊತ್ತಿಗೆ ಶಾಲೆಗಳಲ್ಲಿ ಹೊಸ ತಂಡಗಳ ಶರತ್ಕಾಲದ ಟೂರ್ನಿ ಮುಗಿಯುತ್ತಿರುತ್ತದೆ. ಹತ್ತು ಪ್ರದೇಶಗಳ ವಿಜೇತರು ನವೆಂಬರ್‌ನಲ್ಲಿ ಜಿಂಗೂದಲ್ಲಿ ಸೇರುತ್ತಾರೆ, ಅಲ್ಲಿ ಗೆದ್ದ ಶಾಲೆಯ ಪ್ರದೇಶಕ್ಕೆ ವಸಂತದಲ್ಲಿ ಒಂದು ಜಾಗ ಹೆಚ್ಚು. ಮುಂದಿನ ಮಾರ್ಚ್‌ಗೆ ಯಾರನ್ನು ಗಮನಿಸಬೇಕೆಂಬುದು ಇಲ್ಲೇ ತಿಳಿಯುತ್ತದೆ.

ಹಂತ 9: ಮೈದಾನಕ್ಕೇ ಹೋಗುವುದಾದರೆ

ಟಿಕೆಟ್ ಮಾರುವುದು ಆಯಾ ತಂಡ, ಒಂದೇ ಅಂಗಡಿ ಇಲ್ಲ. ವಿದೇಶಿ ಕಾರ್ಡ್ ಹಲವು ಕಡೆ ತಿರಸ್ಕೃತವಾಗುತ್ತದೆ. ಆಗ ಲಾಸನ್ ಎಂಬ ಸರಣಿ ಅಂಗಡಿಗಳಲ್ಲಿರುವ ‘ಲೊಪ್ಪಿ’ ಯಂತ್ರ ನೋಡಿ: ಪಂದ್ಯ ಆರಿಸಿ, ಚೀಟಿ ತೆಗೆದುಕೊಂಡು, ಅರ್ಧ ಗಂಟೆಯೊಳಗೆ ಕೌಂಟರಿನಲ್ಲಿ ನಗದು ಕೊಡಬೇಕು. ತಡವಾದರೆ ಚೀಟಿ ರದ್ದು. ಹನ್ಶಿನ್, ಹಿರೋಶಿಮಾದ ವಾರಾಂತ್ಯದ ಟಿಕೆಟ್ ಅಂದೇ ಸಿಗುವ ಆಸೆ ಬೇಡ. ಬೇಸಿಗೆಯ ಕೊಶಿಯೆನ್‌ಗೂ ಈಗ ಮುಂಗಡ ಟಿಕೆಟ್ ಬೇಕು, ಗೇಟಿನ ಸಾಲು ನಂಬಿ ಹೋಗಬೇಡಿ. ಅಲ್ಲಿಗೆ ಒಸಾಕಾ-ಉಮೆದಾದಿಂದ ಹನ್ಶಿನ್ ರೈಲು, ಸುಮಾರು ಕಾಲು ಗಂಟೆ.

ಆಸನ ಆರಿಸುವಾಗ ಬದಿ ನೋಡಿ. ತವರು ತಂಡ ಹೆಚ್ಚಿನ ಕಡೆ ಮೊದಲ ಬೇಸ್ ಬದಿ, ಸೈತಾಮಾದಲ್ಲಿ ಮೂರನೇ ಬೇಸ್ ಬದಿ. ಹೊರಮೈದಾನದ ಆಸನಗಳು ಬೆಂಬಲಿಗರ ಗುಂಪಿಗೆ. ಅಲ್ಲಿ ಎದುರು ತಂಡದ ಜೆರ್ಸಿ ಹಾಕಿ ಕೂತರೆ ಸಿಬ್ಬಂದಿ ಬಂದು ತೆಗೆಸುತ್ತಾರೆ. ತಮ್ಮ ತಂಡ ಬ್ಯಾಟ್ ಮಾಡುವಾಗ ಮಾತ್ರ ಕಹಳೆ, ಡೋಲು, ಪ್ರತಿ ಆಟಗಾರನಿಗೂ ಬೇರೆ ಹಾಡು. ಎದುರಾಳಿಯ ಸರದಿಯಲ್ಲಿ ಕೂತು ಊಟ ಮಾಡುತ್ತಾರೆ. ಕ್ಯಾನ್, ಗಾಜಿನ ಬಾಟಲಿ ಒಳಗೆ ಬಿಡುವುದಿಲ್ಲ, ಗೇಟಿನಲ್ಲಿ ಕಾಗದದ ಲೋಟಕ್ಕೆ ಸುರಿದುಕೊಡುತ್ತಾರೆ.

ಬೇಸಿಗೆ ರಜೆಗೆ ಟೋಕಿಯೋ ಕಡೆ ಹೋಗುವವರಿಗೆ ಜುಲೈ ಕೊನೆಯ ವಾರ ಒಳ್ಳೆಯದು: ಹಗಲು ಜಿಂಗೂ ಅಥವಾ ಯೊಕೊಹಾಮಾ ಮೈದಾನದಲ್ಲಿ ಪ್ರಾಂತ್ಯದ ಹೈಸ್ಕೂಲ್ ಪಂದ್ಯಗಳ ಕೊನೆಯ ಸುತ್ತುಗಳು, ಸಂಜೆ ವೃತ್ತಿಪರರ ಆಟ. ಎರಡಕ್ಕೂ ಒಂದೇ ದಿನ ಟಿಕೆಟ್ ಇಟ್ಟುಕೊಳ್ಳುವಾಗ ನಡುವೆ ಮೂರು ಗಂಟೆ ಬಿಡಿ, ಟೈಬ್ರೇಕ್‌ಗೆ ಹೋದ ಪಂದ್ಯ ಬಿಟ್ಟು ಏಳಲು ಮನಸ್ಸಾಗುವುದಿಲ್ಲ.

ಕೊನೆಗೆ ಮಳೆ. ಜಿಂಗೂ, ಯೊಕೊಹಾಮಾ, ಕೊಶಿಯೆನ್, ಹಿರೋಶಿಮಾ, ಸೆಂದಾಯಿ, ಚಿಬಾ ಈ ಆರಕ್ಕೆ ಚಾವಣಿ ಇಲ್ಲ. ಆಸನದಲ್ಲಿ ಕೊಡೆ ಬಿಚ್ಚುವಂತಿಲ್ಲ, ರೇನ್‌ಕೋಟ್ ಒಯ್ಯಿರಿ. ಜಿಂಗೂದಲ್ಲಿ ಸ್ವಾಲೋಸ್ ರನ್ ಹೊಡೆದಾಗ ಕುಣಿಸುವ ಪುಟ್ಟ ಕೊಡೆಗಳು ಮಾತ್ರ ಬೇರೆ ಲೆಕ್ಕ. 5 ಇನಿಂಗ್ಸ್ ಮುಗಿಯುವ ಮೊದಲು ವೃತ್ತಿಪರ ಪಂದ್ಯ ರದ್ದಾದರೆ ಹಣ ವಾಪಸು, ಮುಗಿದ ಮೇಲಾದರೆ ಇಲ್ಲ. ಟಿಕೆಟ್ಟಿನ ತುಂಡನ್ನು ಅಲ್ಲಿಯವರೆಗೆ ಎಸೆಯಬೇಡಿ. ಹಣ ವಾಪಸಿಗೆ ಕೊನೆಯ ದಿನಾಂಕವಿರುತ್ತದೆ, ಯಂತ್ರದಲ್ಲಿ ಕೊಂಡಿದ್ದರೆ ಅದೇ ಸರಣಿಯ ಅಂಗಡಿಗೇ ಹೋಗಬೇಕಾಗುತ್ತದೆ, ವಿಮಾನ ಹತ್ತುವ ಮೊದಲೇ ಮುಗಿಸಿಕೊಳ್ಳಿ.